ಪದ ಪರಿಚಯ: ಹಾರ್ಡ್ ಡಿಸ್ಕ್ ಪಾರ್ಟಿಶನ್

ಕಂಪ್ಯೂಟರ್ ತೆರೆದರೆ ಸಿ ಡ್ರೈವ್, ಡಿ ಡ್ರೈವ್, ಕೆಲವರದರಲ್ಲಿ ಇ ಡ್ರೈವ್ ಕೂಡ ಕಾಣುತ್ತದೆ. ಡಬ್ಬ ಬಿಚ್ಚಿ ನೋಡಿದರೆ ಒಳಗಿರುವ ಡಿಸ್ಕ್ ಮಾತ್ರ ಒಂದೇ. ಒಂದು ಡಿಸ್ಕಿನ ಜಾಗವನ್ನು ಹೀಗೆ ಬೇರೆ ಬೇರೆ ಭಾಗ ಮಾಡಿಕೊಳ್ಳುವುದಕ್ಕೆ ಪಾರ್ಟಿಶನ್ ಮಾಡುವುದು ಅನ್ನುತ್ತಾರೆ. ಒಂದೊಂದು ಭಾಗವೂ ಒಂದು ಪಾರ್ಟಿಶನ್. ಇಷ್ಟು ಬಹಳ ಜನರಿಗೆ ಗೊತ್ತು. ಆದರೆ ಆ ಭಾಗ ಎಲ್ಲಿ ಆಗುತ್ತದೆ, ಯಾವ ರೂಪದಲ್ಲಿ ಇರುತ್ತದೆ ಅನ್ನುವುದನ್ನು ತಿಳಿದುಕೊಂಡವರು ಕಡಿಮೆ. ಅದು ಗೊತ್ತಿದ್ದರೆ ಡಿಸ್ಕ್ ಕೈಕೊಟ್ಟ ದಿನ ಗಾಬರಿಯಲ್ಲಿ ಒತ್ತಬಾರದ ಬಟನ್ ಒತ್ತುವುದು ತಪ್ಪುತ್ತದೆ. ಹಾಗಾಗಿ ಸ್ವಲ್ಪ ಒಳಗೆ ಇಳಿದೇ ನೋಡೋಣ.

ಡಿಸ್ಕ್ ಎಷ್ಟೇ ದೊಡ್ಡದಿರಲಿ, ಕಂಪ್ಯೂಟರ್ ಅದನ್ನು ನೋಡುವುದು ಸೆಕ್ಟರ್‌ಗಳ ಒಂದು ಉದ್ದ ಸಾಲು ಅಂತ. ಒಂದು ಸೆಕ್ಟರ್ ಅಂದರೆ ಸಾಮಾನ್ಯವಾಗಿ 512 ಬೈಟ್. ಎಣಿಕೆ ಸೊನ್ನೆಯಿಂದ ಶುರು: ಸೆಕ್ಟರ್ 0, ಸೆಕ್ಟರ್ 1, ಹೀಗೆ ಕೋಟಿಗಟ್ಟಲೆ. "ಇಷ್ಟನೇ ಸೆಕ್ಟರ್‌ನಿಂದ ಶುರುವಾಗಿ ಇಷ್ಟು ಸೆಕ್ಟರ್ ಒಂದು ಪಾರ್ಟಿಶನ್" ಅಂತ ಡಿಸ್ಕಿನ ಆರಂಭದಲ್ಲಿ ಒಂದು ಚಿಕ್ಕ ಪಟ್ಟಿಯಲ್ಲಿ ಬರೆದಿಡುತ್ತಾರೆ. ಅದೇ ಪಾರ್ಟಿಶನ್ ಟೇಬಲ್. ಜಮೀನಿನ ದಾಖಲೆಯಲ್ಲಿ ಗಡಿ ಬರೆದಿಡುತ್ತಾರಲ್ಲ, ಹಾಗೆ. ನೆಲದ ಮೇಲೆ ಬೇಲಿ ಇರುವುದಿಲ್ಲ. ಡಿಸ್ಕಿನ ಮೈಮೇಲೆ ಏನನ್ನೂ ಕತ್ತರಿಸುವುದಿಲ್ಲ, ಯಾವ ಗೆರೆಯನ್ನೂ ಎಳೆಯುವುದಿಲ್ಲ. ಇರುವುದು ಆ ಪಟ್ಟಿಯೊಂದೇ.

ಹಳೆಯ ಪದ್ಧತಿಯ ಪಟ್ಟಿಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಅಷ್ಟು ಚಿಕ್ಕದು ಅಂತ ನಂಬುವುದೇ ಕಷ್ಟ. ಸೆಕ್ಟರ್ 0ಕ್ಕೆ ಮಾಸ್ಟರ್ ಬೂಟ್ ರೆಕಾರ್ಡ್, ಅಂದರೆ ಎಂಬಿಆರ್, ಅಂತ ಹೆಸರು. ಅದರ 512 ಬೈಟಿನಲ್ಲಿ ಮೊದಲ 446 ಬೈಟ್ ಕಂಪ್ಯೂಟರ್ ಶುರುವಾಗಲು ಬೇಕಾದ ಪುಟ್ಟ ಪ್ರೋಗ್ರಾಂಗೆ. ಕೊನೆಯ ಎರಡು ಬೈಟ್‌ಗಳಲ್ಲಿ ಹೆಕ್ಸಾಡೆಸಿಮಲ್, ಅಂದರೆ ಹದಿನಾರರ ಆಧಾರದ, ಲೆಕ್ಕದಲ್ಲಿ 55 ಮತ್ತು ಎಎ ಅನ್ನುವ ಗುರುತು. ನಡುವೆ ಉಳಿಯುವ 64 ಬೈಟೇ ಪಾರ್ಟಿಶನ್ ಟೇಬಲ್. ಅದರಲ್ಲಿ ತಲಾ 16 ಬೈಟಿನ ನಾಲ್ಕು ಸಾಲು. ಪ್ರತಿ ಸಾಲಿನ ಮೊದಲ ಬೈಟ್ 80 ಇದ್ದರೆ ಕಂಪ್ಯೂಟರ್ ಶುರುವಾಗುವುದು ಆ ಪಾರ್ಟಿಶನ್‌ನಿಂದ, 00 ಇದ್ದರೆ ಅದರಿಂದ ಅಲ್ಲ. ಐದನೇ ಬೈಟ್ ಒಳಗೇನಿದೆ ಅಂತ ಹೇಳುತ್ತದೆ: 07 ಇದ್ದರೆ ಸಾಮಾನ್ಯವಾಗಿ ವಿಂಡೋಸ್‌ನ ಎನ್‌ಟಿಎಫ್‌ಎಸ್ ಅನ್ನುವ ಫೈಲ್ ಸಿಸ್ಟಮ್ (ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ), 83 ಇದ್ದರೆ ಲಿನಕ್ಸ್. ಕೊನೆಯ ಎಂಟು ಬೈಟ್‌ನಲ್ಲಿ ನಾಲ್ಕು ಬೈಟ್ ಪಾರ್ಟಿಶನ್ ಎಲ್ಲಿಂದ ಶುರು ಅನ್ನುವುದಕ್ಕೆ, ಇನ್ನು ನಾಲ್ಕು ಬೈಟ್ ಎಷ್ಟು ಸೆಕ್ಟರ್ ಅನ್ನುವುದಕ್ಕೆ. ಮಿಕ್ಕ ಬೈಟ್‌ಗಳಲ್ಲಿ ಅದೇ ವಿಷಯ ಹಳೇ ಡಿಸ್ಕ್‌ಗಳ ಸಿಲಿಂಡರ್ ಲೆಕ್ಕದಲ್ಲಿ ಇರುತ್ತದೆ. ಈಗ ಅದನ್ನು ಯಾರೂ ನೆಚ್ಚಿಕೊಳ್ಳುವುದಿಲ್ಲ.

ಒಬ್ಬರ ಹತ್ತು ಹದಿನೈದು ವರ್ಷದ ಫೋಟೋ, ಲೆಕ್ಕಪತ್ರ, ಬರಹ ಎಲ್ಲ ಎಲ್ಲಿದೆ ಅಂತ ಹುಡುಕಲು ಕಂಪ್ಯೂಟರ್ ಮೊದಲು ನೋಡುವುದು ಈ 16 ಬೈಟನ್ನು.

ಈ ಏರ್ಪಾಡು ಬಂದಿದ್ದು 1983ರಲ್ಲಿ. ಆ ವರ್ಷ ಐಬಿಎಂ ತನ್ನ ಪಿಸಿ ಎಕ್ಸ್‌ಟಿ ಕಂಪ್ಯೂಟರನ್ನು 10 ಎಂಬಿ ಹಾರ್ಡ್ ಡಿಸ್ಕ್ ಸಮೇತ ಬಿಟ್ಟಿತು. ಜೊತೆಗೆ ಬಂದ ಡಾಸ್ 2.0 ಆಪರೇಟಿಂಗ್ ಸಿಸ್ಟಮ್‌ನಲ್ಲಿ ಎಫ್‌ಡಿಸ್ಕ್ ಅನ್ನುವ ಪಾರ್ಟಿಶನ್ ಸಾಧನ ಇತ್ತು. ಒಂದೇ ಡಿಸ್ಕಿನಲ್ಲಿ ಬೇರೆ ಬೇರೆ ಆಪರೇಟಿಂಗ್ ಸಿಸ್ಟಮ್ ಇಟ್ಟುಕೊಳ್ಳಲು ಅನುಕೂಲ ಆಗಲಿ ಅಂತ ನಾಲ್ಕು ಸಾಲು ಇಟ್ಟರು. ಎ ಮತ್ತು ಬಿ ಅಕ್ಷರಗಳು ಆಗಲೇ ಫ್ಲಾಪಿಗಳಿಗೆ ಮೀಸಲಾಗಿದ್ದವು. ಹಾಗಾಗಿ ಹಾರ್ಡ್ ಡಿಸ್ಕಿಗೆ ಸಿ ಸಿಕ್ಕಿತು. ಫ್ಲಾಪಿ ಹೋಗಿ ಎಷ್ಟೋ ಕಾಲವಾದರೂ ವಿಂಡೋಸ್ ಇವತ್ತಿಗೂ ಸಿ ಇಂದಲೇ ಶುರು ಮಾಡುತ್ತದೆ.

ನಾಲ್ಕು ಸಾಲು ಸಾಲದು ಅನ್ನಿಸಲು ಜಾಸ್ತಿ ದಿನ ಬೇಕಾಗಲಿಲ್ಲ. ಆಗಿನ ಡಾಸ್ ಒಂದು ಪಾರ್ಟಿಶನ್‌ನಲ್ಲಿ 32 ಎಂಬಿಗಿಂತ ಹೆಚ್ಚು ಬಳಸುತ್ತಿರಲಿಲ್ಲ. 1987ರಲ್ಲಿ ಬಂದ ಡಾಸ್ 3.3 ಎಕ್ಸ್‌ಟೆಂಡೆಡ್ ಪಾರ್ಟಿಶನ್ ಅನ್ನುವ ಉಪಾಯ ತಂದಿತು. ನಾಲ್ಕರಲ್ಲಿ ಒಂದು ಸಾಲನ್ನು ದೊಡ್ಡ ಆವರಣವಾಗಿ ಇಟ್ಟುಕೊಂಡು, ಅದರೊಳಗೆ ಲಾಜಿಕಲ್ ಪಾರ್ಟಿಶನ್‌ಗಳನ್ನು ಮಾಡುವುದು. ಪ್ರತಿ ಲಾಜಿಕಲ್ ಪಾರ್ಟಿಶನ್ ಶುರುವಾಗುವ ಮೊದಲು ಒಂದು ಚಿಕ್ಕ ಪಟ್ಟಿ ಇರುತ್ತದೆ. ಮುಂದಿನದು ಎಲ್ಲಿದೆ ಅಂತ ಆ ಪಟ್ಟಿಯೇ ಹೇಳಬೇಕು. ನಡುವಿನ ಒಂದು ಕೊಂಡಿ ಕೆಟ್ಟರೆ ಅದರ ಆಚೆಗಿನ ಪಾರ್ಟಿಶನ್‌ಗಳೆಲ್ಲ ಒಟ್ಟಿಗೇ ಕಾಣೆ. ಡಿ ಸರಿ ಇದೆ, ಇ ಮತ್ತು ಎಫ್ ಎರಡೂ ಇಲ್ಲ ಅನ್ನುವ ದೂರು ಹಳೆಯ ಕಂಪ್ಯೂಟರ್‌ಗಳಲ್ಲಿ ಬಂದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ಡಿಸ್ಕನ್ನು ನಾಲ್ಕೈದು ಭಾಗ ಮಾಡುವ ಅಭ್ಯಾಸ ಬೆಳೆದಿದ್ದಕ್ಕೆ ಇನ್ನೊಂದು ಗಟ್ಟಿ ಕಾರಣವೂ ಇತ್ತು. ಫೈಲ್ ಸಿಸ್ಟಮ್ ಜಾಗವನ್ನು ಕ್ಲಸ್ಟರ್, ಅಂದರೆ ಸೆಕ್ಟರ್‌ಗಳ ಗುಂಪಿನ, ಲೆಕ್ಕದಲ್ಲಿ ಕೊಡುತ್ತದೆ. ಫ್ಯಾಟ್16 ಅನ್ನುವ ಹಳೆಯ ಫೈಲ್ ಸಿಸ್ಟಮ್‌ನಲ್ಲಿ 2 ಜಿಬಿ ಪಾರ್ಟಿಶನ್ ಮಾಡಿದರೆ ಒಂದು ಕ್ಲಸ್ಟರ್ 32 ಕೆಬಿ ಆಗುತ್ತಿತ್ತು. ಅಂದರೆ 1 ಕೆಬಿ ಪತ್ರಕ್ಕೂ 32 ಕೆಬಿ ಜಾಗ ಹೋಗುತ್ತಿತ್ತು. ಸಣ್ಣ ಫೈಲ್‌ಗಳು ಸಾವಿರಾರು ಇದ್ದರೆ ಎಷ್ಟು ನಷ್ಟ ನೋಡಿ. ಪಾರ್ಟಿಶನ್ ಚಿಕ್ಕದು ಮಾಡಿದರೆ ಕ್ಲಸ್ಟರ್ ಕೂಡ ಚಿಕ್ಕದಾಗುತ್ತಿತ್ತು. ಈಗಿನ ಎನ್‌ಟಿಎಫ್‌ಎಸ್‌ನಲ್ಲಿ ಸಾಮಾನ್ಯ ಕ್ಲಸ್ಟರ್ 4 ಕೆಬಿ. ಆ ಕಾರಣ ಹೋಯಿತು, ಅಭ್ಯಾಸ ಮಾತ್ರ ಉಳಿದುಕೊಂಡಿತು.

ಎಂಬಿಆರ್‌ಗೆ ಕೊನೆಗೂ ಮಿತಿ ತಂದಿದ್ದು ಆ ನಾಲ್ಕು ಬೈಟ್. ನಾಲ್ಕು ಬೈಟಿನಲ್ಲಿ ಬರೆಯಬಹುದಾದ ಸಂಖ್ಯೆಗಳು 4,29,49,67,296. ಅಷ್ಟು ಸೆಕ್ಟರ್‌ಗಳನ್ನು 512ರಿಂದ ಗುಣಿಸಿದರೆ 21,99,02,32,55,552 ಬೈಟ್, ಅಂದರೆ ಸುಮಾರು 2.2 ಟಿಬಿ. ಅದರಾಚೆ ಸೆಕ್ಟರ್ ಇದ್ದರೂ ಹೆಸರು ಹಿಡಿದು ಕರೆಯಲು ಈ ಪಟ್ಟಿಗೆ ಆಗುವುದಿಲ್ಲ. 3 ಟಿಬಿ ಡಿಸ್ಕ್ ತಂದು ಎಂಬಿಆರ್ ಪದ್ಧತಿಯಲ್ಲಿ ಸಿದ್ಧ ಮಾಡಿದರೆ ಸುಮಾರು 800 ಜಿಬಿ ಸುಮ್ನೆ ಬಿದ್ದಿರುತ್ತದೆ. ಡಿಸ್ಕ್‌ನಲ್ಲಿ ದೋಷ ಇದೆ ಅಂದುಕೊಂಡು ವಾಪಸ್ ಕೊಡಲು ಹೊರಡುವ ಮೊದಲು ಟೇಬಲ್ ಯಾವ ಬಗೆಯದು ಅಂತ ನೋಡುವುದು ಒಳ್ಳೆಯದು.

ಇದಕ್ಕೆ ಪರಿಹಾರವಾಗಿ ಬಂದಿದ್ದು ಜಿಪಿಟಿ, ಪೂರ್ತಿ ಹೆಸರು ಜಿಯುಐಡಿ ಪಾರ್ಟಿಶನ್ ಟೇಬಲ್. ಕಂಪ್ಯೂಟರ್ ಆನ್ ಮಾಡಿದಾಗ ಮೊದಲು ಓಡುವ ಹಳೆಯ ಬಯಾಸ್ ಪ್ರೋಗ್ರಾಂಗೆ ಬದಲಿಯಾಗಿ ಇಂಟೆಲ್ ಮಾಡಿದ ಇಎಫ್‌ಐ ಏರ್ಪಾಡಿನ ಜೊತೆ ಇದು ಹುಟ್ಟಿತು. ನನಗೆ ಇದರ ಕಟ್ಟಡ ತುಂಬಾ ಇಷ್ಟ. ಎಂಬಿಆರ್ ಎಲ್ಲೆಲ್ಲಿ ಸೋತಿತ್ತೋ ಅಲ್ಲೆಲ್ಲ ಯೋಚನೆ ಮಾಡಿ ಕಟ್ಟಿದ್ದಾರೆ. ಸಾಮಾನ್ಯವಾಗಿ 128 ಸಾಲು, ಒಂದೊಂದು 128 ಬೈಟ್. ಸೆಕ್ಟರ್ ಸಂಖ್ಯೆಗೆ ನಾಲ್ಕರ ಬದಲು ಎಂಟು ಬೈಟ್. ಪಟ್ಟಿಯ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲಿ ಇರುತ್ತದೆ. ಮೊದಲಿನದು ಹಾಳಾದರೆ ಅದರಿಂದ ಸರಿಮಾಡಿಕೊಳ್ಳಬಹುದು. ಹಾಳಾಗಿದೆ ಅಂತ ಗೊತ್ತಾಗಲು ಚೆಕ್‌ಸಮ್ ಅನ್ನುವ ತಾಳೆ ನೋಡುವ ಸಂಖ್ಯೆ ಇದೆ. ಎಂಬಿಆರ್‌ನಲ್ಲಿ ಇದೊಂದೂ ಇರಲಿಲ್ಲ. ಒಂದು ಬೈಟ್ ತಪ್ಪಾದರೆ ಕಂಪ್ಯೂಟರ್ ಆ ತಪ್ಪನ್ನೇ ನಂಬಿ ಮುಂದೆ ಹೋಗುತ್ತಿತ್ತು.

ಜಿಪಿಟಿ ಡಿಸ್ಕಿನಲ್ಲೂ ಸೆಕ್ಟರ್ 0ರಲ್ಲಿ ಒಂದು ಎಂಬಿಆರ್ ಇರುತ್ತದೆ. ಕಾವಲಿಗೆ ಮಾತ್ರ. "ಈ ಡಿಸ್ಕ್ ಪೂರ್ತಿ ಬಳಕೆಯಲ್ಲಿದೆ, ಬಗೆ ಇಇ" ಅನ್ನುವ ಒಂದೇ ಸಾಲು ಅದರಲ್ಲಿ. ಜಿಪಿಟಿ ಗೊತ್ತಿಲ್ಲದ ಹಳೇ ಸಾಧನ ಬಂದು, ಡಿಸ್ಕ್ ಖಾಲಿ ಇದೆ ಅಂದುಕೊಂಡು ಮೇಲೆ ಬರೆದುಬಿಡಬಾರದು ಅಂತ ಈ ಎಚ್ಚರಿಕೆ.

ಈಗಿನ ವಿಂಡೋಸ್ ಕಂಪ್ಯೂಟರಿನಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ನಾವು ಮಾಡದೇ ಇರುವ ಪಾರ್ಟಿಶನ್‌ಗಳೂ ಕಾಣುತ್ತವೆ. ಮೊದಲಿಗೆ 100 ಎಂಬಿಯೋ ಅದಕ್ಕಿಂತ ಸ್ವಲ್ಪ ಜಾಸ್ತಿಯೋ ಇರುವ ಇಎಫ್‌ಐ ಸಿಸ್ಟಮ್ ಪಾರ್ಟಿಶನ್. ಕಂಪ್ಯೂಟರ್ ಶುರು ಮಾಡುವ ಫೈಲ್‌ಗಳು ಅದರಲ್ಲಿ ಇರುತ್ತವೆ. ಆಮೇಲೆ ಸಿ. ಅದರ ಪಕ್ಕದಲ್ಲಿ ರಿಕವರಿ ಅನ್ನುವ ಇನ್ನೊಂದು. ಚಿಕ್ಕದಿದೆ, ಬೇಡ ಅಂತ ಇವನ್ನು ಅಳಿಸಬೇಡಿ. ಮೊದಲನೆಯದನ್ನು ಅಳಿಸಿದರೆ ವಿಂಡೋಸ್ ಏಳುವುದೇ ಇಲ್ಲ.

ಇನ್ನು ಫಾರ್ಮ್ಯಾಟ್. ಪಾರ್ಟಿಶನ್ ಮತ್ತು ಫಾರ್ಮ್ಯಾಟ್ ಎರಡನ್ನೂ ಒಂದೇ ಅಂದುಕೊಳ್ಳುವವರು ಬಹಳ. ಪಾರ್ಟಿಶನ್ ಅಂದರೆ ಎಲ್ಲಿಂದ ಎಲ್ಲಿವರೆಗೆ ಅನ್ನುವ ಲೆಕ್ಕ ಮಾತ್ರ. ಆ ಜಾಗದೊಳಗೆ ಫೈಲ್ ಹೆಸರು, ಫೋಲ್ಡರ್, ಯಾವ ಕ್ಲಸ್ಟರ್ ಯಾರದ್ದು ಅನ್ನುವ ವ್ಯವಸ್ಥೆಯನ್ನು ಹೊಸದಾಗಿ ಹಾಕುವುದು ಫಾರ್ಮ್ಯಾಟ್. ಪಾರ್ಟಿಶನ್ ಅಳಿಸಿದಾಗ ಹೋಗುವುದು ಟೇಬಲ್‌ನ ಒಂದು ಸಾಲು. ಫೈಲ್‌ಗಳು, ಅವುಗಳ ಹೆಸರಿನ ಪಟ್ಟಿ ಎಲ್ಲ ಇದ್ದಲ್ಲೇ ಇರುತ್ತವೆ. ಎನ್‌ಟಿಎಫ್‌ಎಸ್ ತನ್ನ ಮೊದಲ ಸೆಕ್ಟರಿನ ಒಂದು ನಕಲನ್ನು ಪಾರ್ಟಿಶನ್‌ನ ಕೊನೆಯಲ್ಲೂ ಇಟ್ಟಿರುತ್ತದೆ. ಲಿನಕ್ಸಿನ ಇಎಕ್ಸ್‌ಟಿ4 ಫೈಲ್ ಸಿಸ್ಟಮ್ ಕೂಡ ತನ್ನ ಮುಖ್ಯ ಮಾಹಿತಿಯ ನಕಲುಗಳನ್ನು ಅಲ್ಲಲ್ಲಿ ಇಟ್ಟಿರುತ್ತದೆ. ಟೆಸ್ಟ್‌ಡಿಸ್ಕ್‌ನಂಥ ಉಚಿತ ಸಾಧನಗಳು ಡಿಸ್ಕನ್ನು ಜಾಲಾಡಿ ಇಂಥ ಗುರುತುಗಳನ್ನು ಹುಡುಕಿ, ಇಲ್ಲೊಂದು ಪಾರ್ಟಿಶನ್ ಇತ್ತು ಅಂತ ಲೆಕ್ಕ ಹಾಕಿ, ಕಳೆದುಹೋದ ಸಾಲನ್ನು ಮತ್ತೆ ಬರೆಯುತ್ತವೆ. ಸಾಲು ವಾಪಸ್ ಬಂದರೆ ಎಲ್ಲ ಫೋಲ್ಡರ್‌ಗಳೂ ಹೆಸರಿನ ಸಮೇತ ವಾಪಸ್ ಬರುತ್ತವೆ.

ಅದಕ್ಕೇ ಹೇಳುವುದು: ಡಿ ಡ್ರೈವ್ ಕಾಣುತ್ತಿಲ್ಲ ಅಂದ ಕೂಡಲೇ ಹೊಸ ಪಾರ್ಟಿಶನ್ ಮಾಡಿ ಫಾರ್ಮ್ಯಾಟ್ ಕೊಡಬೇಡಿ. ಆ ಡಿಸ್ಕಿಗೆ ಏನನ್ನೂ ಬರೆಯಬೇಡಿ. ಹುಡುಕುವ ಸಾಧನವನ್ನು ಅದೇ ಡಿಸ್ಕಿಗೆ ಡೌನ್‌ಲೋಡ್ ಮಾಡುವುದೂ ಬೇಡ. ವಿಂಡೋಸ್ ತೋರಿಸುವ ಎರಡು ಸಂದೇಶಗಳ ಬಗ್ಗೆ ವಿಶೇಷ ಎಚ್ಚರ ಇರಲಿ. ಒಂದು, ಈ ಡಿಸ್ಕ್ ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು ಅನ್ನುವುದು. ಇನ್ನೊಂದು, ಡಿಸ್ಕ್ ಇನಿಶಿಯಲೈಸ್ ಮಾಡಬೇಕು ಅನ್ನುವುದು. ಮೊದಲನೆಯದರ ಅರ್ಥ, ಒಳಗಿನ ಫೈಲ್ ಸಿಸ್ಟಮ್ ನನಗೆ ಓದಲು ಬರುತ್ತಿಲ್ಲ ಅಂತ ಅಷ್ಟೇ. ಲಿನಕ್ಸ್‌ನಲ್ಲಿ ಬಳಸಿದ, ಪೂರ್ತಿ ಸರಿಯಿರುವ ಡಿಸ್ಕನ್ನು ವಿಂಡೋಸ್ ಕಂಪ್ಯೂಟರಿಗೆ ಚುಚ್ಚಿದರೂ ಇದೇ ಸಂದೇಶ ಬರುತ್ತದೆ. ಎರಡನೆಯದರ ಅರ್ಥ, ಪಾರ್ಟಿಶನ್ ಟೇಬಲ್ಲೇ ಸಿಗುತ್ತಿಲ್ಲ ಅಂತ. ಹೊಸ ಡಿಸ್ಕಿಗೆ ಸರಿ ಅನ್ನಬಹುದು. ಫೈಲ್ ಇರುವ ಡಿಸ್ಕಿಗೆ ಸರಿ ಅಂದರೆ ಖಾಲಿ ಟೇಬಲ್ ಒಂದು ಬಂದು ಕೂರುತ್ತದೆ.

ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆ ಇಲ್ಲದೆ ಚಿಪ್‌ಗಳಲ್ಲೇ ಬರೆದಿಡುವ ಡಿಸ್ಕ್, ವಿಷಯದಲ್ಲಿ ಇನ್ನೂ ಬಿಗಿ. ಫಾರ್ಮ್ಯಾಟ್ ಮಾಡಿದರೆ, ಈ ಜಾಗ ಇನ್ನು ಬೇಕಿಲ್ಲ ಅನ್ನುವ ಟ್ರಿಮ್ ಆದೇಶ ಡಿಸ್ಕಿಗೆ ಹೋಗುತ್ತದೆ. ಆಮೇಲೆ ಡಿಸ್ಕ್ ತಾನಾಗಿಯೇ ಒಳಗೆ ಸ್ವಚ್ಛ ಮಾಡಿಕೊಂಡುಬಿಡುತ್ತದೆ. ತಿರುಗುವ ಹಾರ್ಡ್ ಡಿಸ್ಕಿನಲ್ಲಿ ತ್ವರಿತ ಫಾರ್ಮ್ಯಾಟ್ ಆದಮೇಲೂ ಉಳಿದಿರುವ ಆಸೆ ಇಲ್ಲಿ ಇರುವುದಿಲ್ಲ.

ಹಾಗಾದರೆ ಎಷ್ಟು ಪಾರ್ಟಿಶನ್ ಇರಬೇಕು? ಮನೆಯ ಕಂಪ್ಯೂಟರಿಗೆ ಎರಡು ಸಾಕು ಅನ್ನುವುದು ನನ್ನ ಅಭಿಪ್ರಾಯ: ಒಂದು ಆಪರೇಟಿಂಗ್ ಸಿಸ್ಟಮ್‌ಗೆ, ಒಂದು ನಿಮ್ಮ ಫೈಲ್‌ಗಳಿಗೆ. ವಿಂಡೋಸ್ ಕೆಟ್ಟರೆ ಸಿ ಮಾತ್ರ ಅಳಿಸಿ ಮತ್ತೆ ಹಾಕಬಹುದು, ಡಿ ಮುಟ್ಟಬೇಕಿಲ್ಲ. ಇದು ನಿಜವಾದ ಅನುಕೂಲ. ಎರಡು ಆಪರೇಟಿಂಗ್ ಸಿಸ್ಟಮ್ ಬೇಕಿದ್ದರೆ ಅದಕ್ಕೆ ಪ್ರತ್ಯೇಕ ಪಾರ್ಟಿಶನ್ ಬೇಕು. ಡಿಸ್ಕ್ ಚಿಕ್ಕದಿದ್ದರೆ ಒಂದೇ ಇಟ್ಟುಕೊಳ್ಳುವುದೇ ವಾಸಿ. ಸಿ ತುಂಬಿ ಡಿ ಖಾಲಿ ಇರುವ ಪಾಡು ಯಾಕೆ ಬೇಕು?

ವೇಗಕ್ಕಾಗಿ ಪಾರ್ಟಿಶನ್ ಮಾಡುವ ಮಾತು ತಿರುಗುವ ಡಿಸ್ಕಿನ ಕಾಲದ್ದು. ಅಲ್ಲಿ ಸೆಕ್ಟರ್ 0 ತಟ್ಟೆಯ ಹೊರ ಅಂಚಿನಲ್ಲಿರುತ್ತದೆ. ಹೊರಗಿನ ಸುತ್ತಿನಲ್ಲಿ ಜಾಸ್ತಿ ಸೆಕ್ಟರ್ ಹಿಡಿಯುವುದರಿಂದ ಮೊದಲ ಪಾರ್ಟಿಶನ್ ಸ್ವಲ್ಪ ಚುರುಕು. ಎಸ್‌ಎಸ್‌ಡಿಯಲ್ಲಿ ಸೆಕ್ಟರ್ ಸಂಖ್ಯೆಗೂ ಒಳಗಿನ ಚಿಪ್ಪಿನ ಜಾಗಕ್ಕೂ ನೇರ ಸಂಬಂಧವೇ ಇಲ್ಲ. ಕಂಟ್ರೋಲರ್ ಎಲ್ಲ ಕಡೆ ಹಂಚಿ ಬರೆಯುತ್ತದೆ.

ಒಂದು ತಪ್ಪು ತಿಳಿವಳಿಕೆಯನ್ನು ಮಾತ್ರ ಗಟ್ಟಿಯಾಗಿ ಹೇಳಲೇಬೇಕು. ಸಿ ಯಲ್ಲಿರುವ ಫೋಟೋಗಳನ್ನು ಡಿ ಗೆ ನಕಲು ಮಾಡಿ ಬ್ಯಾಕಪ್ ಆಯಿತು ಅಂದುಕೊಳ್ಳಬೇಡಿ. ಎರಡೂ ಇರುವುದು ಅದೇ ಡಿಸ್ಕಿನಲ್ಲಿ, ಅದೇ ಮೋಟರ್, ಅದೇ ಸರ್ಕ್ಯೂಟ್ ಬೋರ್ಡ್ ಮೇಲೆ. ಡಿಸ್ಕ್ ಸತ್ತರೆ ಎರಡೂ ಒಟ್ಟಿಗೇ ಹೋಗುತ್ತವೆ. ಬ್ಯಾಕಪ್ ಅಂದರೆ ಬೇರೆ ಡಿಸ್ಕ್, ಸಾಧ್ಯವಾದರೆ ಬೇರೆ ಜಾಗ ಕೂಡ.

ಇರುವ ಪಾರ್ಟಿಶನ್‌ನ ಅಳತೆ ಬದಲಿಸುವಾಗ ಬರುವ ತೊಡಕುಗಳೂ ಆ ಪಟ್ಟಿಯಿಂದಲೇ ಅರ್ಥವಾಗುತ್ತವೆ. ಶುರು ಮತ್ತು ಉದ್ದ ಅಂತ ಎರಡೇ ಸಂಖ್ಯೆ ಇರುವುದರಿಂದ ಪಾರ್ಟಿಶನ್ ಯಾವಾಗಲೂ ಒಂದೇ ಉದ್ದನೆಯ ತುಂಡು. ಸಿ ದೊಡ್ಡದು ಮಾಡಬೇಕು ಅಂದರೆ ಖಾಲಿ ಜಾಗ ಅದರ ಬಲಗಡೆಗೆ ಅಂಟಿಕೊಂಡೇ ಇರಬೇಕು. ನಡುವೆ ರಿಕವರಿ ಪಾರ್ಟಿಶನ್ ಕೂತಿದ್ದರೆ ಡಿಸ್ಕ್ ಮ್ಯಾನೇಜ್‌ಮೆಂಟಿನ ಎಕ್ಸ್‌ಟೆಂಡ್ ವಾಲ್ಯೂಮ್ ಮಸುಕಾಗಿ ಕಾಣುತ್ತದೆ, ಒತ್ತಿದರೂ ಒತ್ತಲಾಗದು. ಬಲಗಡೆಯ ಅಂಚನ್ನು ಸರಿಸುವುದು ಸುಲಭ. ಎಡಗಡೆಯ ಅಂಚು ಸರಿಸಬೇಕಾದರೆ ಒಳಗಿನ ಡೇಟಾ ಪೂರ್ತಿ ಜರುಗಬೇಕು. ಜಿಪಾರ್ಟೆಡ್‌ನಂಥ ಸಾಧನ ಇದನ್ನು ಮಾಡುತ್ತದೆ, ಆದರೆ ಗಂಟೆಗಟ್ಟಲೆ ಹಿಡಿಯಬಹುದು. ನಡುವೆ ಕರೆಂಟ್ ಹೋದರೆ ಅರ್ಧ ಹಳೆಯ ಜಾಗದಲ್ಲಿ, ಅರ್ಧ ಹೊಸ ಜಾಗದಲ್ಲಿ ಉಳಿಯುತ್ತದೆ. ಪಾರ್ಟಿಶನ್ ಕೆಲಸದಲ್ಲಿ ನಿಜವಾಗಿ ಭಯಪಡಬೇಕಾದ ಗಳಿಗೆ ಇದೇ.

ಲಿನಕ್ಸ್ ಬಳಸುವವರು ಇಂಥ ಕೆಲಸಕ್ಕೆ ಕೈಹಾಕುವ ಮೊದಲು ಎಸ್‌ಎಫ್‌ಡಿಸ್ಕ್ ಆದೇಶದ ಡಂಪ್ ಆಯ್ಕೆ ಬಳಸಿ ಟೇಬಲ್ಲನ್ನು ಪಠ್ಯದ ಫೈಲಿಗೆ ಇಳಿಸಿಕೊಳ್ಳಬಹುದು. ಕೆಲವೇ ಸಾಲು ಬರುತ್ತದೆ: ಯಾವ ಪಾರ್ಟಿಶನ್, ಎಲ್ಲಿಂದ ಶುರು, ಎಷ್ಟು ಸೆಕ್ಟರ್, ಯಾವ ಬಗೆ. ವಿಂಡೋಸ್‌ನವರು ಡಿಸ್ಕ್ ಮ್ಯಾನೇಜ್‌ಮೆಂಟ್ ಪರದೆಯ ಒಂದು ಚಿತ್ರವನ್ನಾದರೂ ತೆಗೆದುಕೊಳ್ಳಿ. ಆ ಪ್ರತಿಯನ್ನು ಬೇರೆ ಡಿಸ್ಕಿನಲ್ಲೋ ಫೋನಿನಲ್ಲೋ ಇಡಿ.