ಅಪ್ಪ ಕೊಟ್ಟ ಮಾತಿಗೆ ಮಗ ದುಡಿಯಬೇಕಾ?

ಕೆಲವು ವರ್ಷಗಳ ಹಿಂದೆ ದಾವಣಗೆರೆಯ ನನ್ನ ಆಫೀಸಿಗೆ ಒಬ್ಬರು ಬಂದಿದ್ದರು. ಮಂಡಕ್ಕಿ ಭಟ್ಟಿಯ ಮಾಲೀಕರೊಬ್ಬರಿಂದ ಮುಂಗಡ ತಗೊಂಡಿದ್ದರು. ಅದು ತೀರುವವರೆಗೆ 12 ವರ್ಷದ ಮಗ ಅಲ್ಲೇ ದುಡಿಯುತ್ತಾನೆ ಅಂತ ಬಾಂಡ್ ಪೇಪರ್ ಮೇಲೆ ಬರೆದುಕೊಟ್ಟಿದ್ದರು. ಹುಡುಗ ಎರಡು ಸಲ ಓಡಿಹೋಗಿದ್ದ. ಅವನನ್ನು ಬಿಡಿಸಿ ಅಂತ ಅವರು ಕೇಳಲಿಲ್ಲ. ‘ಮಾತು ಕೊಟ್ಟಿದ್ದೀನಿ ಸಾರ್, ತಪ್ಪಿದ್ರೆ ಹೆಂಗೆ?’ ಅಂದರು. ಆ ಮನುಷ್ಯ ಕೆಟ್ಟವರಲ್ಲ. ಮಾತಿಗೆ ಬೆಲೆ ಕೊಡುವವರು.

ಒಪ್ಪಂದವನ್ನೇ ಸಮಾಜದ ಬುನಾದಿ ಅನ್ನುವ ಲಿಬರ್ಟೇರಿಯನ್ ಚಿಂತನೆ ಎಡವುವುದೂ ಇಲ್ಲೇ. ನನ್ನ ದೇಹ ನನ್ನದು, ಒಪ್ಪಿದ ಇಬ್ಬರ ನಡುವೆ ಸರ್ಕಾರ ಬರಬಾರದು ಅನ್ನುತ್ತದೆ ಅದು. ದೊಡ್ಡವರ ಮಟ್ಟಿಗೆ ಈ ಮಾತಿನ ಮೇಲೆ ನನಗೆ ಗೌರವವಿದೆ. ಆದರೆ ಮಗು ಯಾವಾಗ ಒಪ್ಪಿತ್ತು?

ಇದೇ ಪಂಥದ ಅಮೆರಿಕದ ಚಿಂತಕ ಮರ್ರಿ ರಾಥ್‌ಬಾರ್ಡ್ 1982ರಲ್ಲಿ ಇದನ್ನು ನೇರವಾಗಿಯೇ ಎದುರಿಸಿದರು. ತಂದೆತಾಯಿ ಮಗುವಿನ ಸಂಪೂರ್ಣ ಒಡೆಯರಲ್ಲ, ಕಾಯುವವರು ಅಷ್ಟೇ. ಹೊಡೆದು ಹಿಂಸಿಸುವಂತಿಲ್ಲ ಅಂದರು. ಹಾಗಂತ ಉಣಿಸಲೇಬೇಕು ಅಂತ ಕಾನೂನು ಬಲವಂತ ಮಾಡಬಾರದು ಅಂತಲೂ ಅಂದರು. ಮಗುವಿಗೆ ಮನೆ ಬಿಟ್ಟು ಹೋಗುವ ಹಕ್ಕಿದೆ ಅನ್ನುವುದೂ ಅವರ ವಾದ.

ನಮ್ಮ ಹುಡುಗ ಆ ಹಕ್ಕನ್ನು ಎರಡು ಸಲ ಬಳಸಿದ್ದ. ಒಂದು ಸಲ ರೈಲ್ವೆ ಸ್ಟೇಷನ್‌ನಲ್ಲಿ ಹಸಿದು ಕೂತಿದ್ದವನನ್ನು ಯಾರೋ ಮನೆಗೆ ತಂದು ಬಿಟ್ಟರು. ಮಾರನೇ ದಿನ ಮತ್ತೆ ಭಟ್ಟಿ. ಹೋದ ಕಡೆ ಅನ್ನವಿಲ್ಲದಿದ್ದರೆ ಓಡುವ ಹಕ್ಕು ಎಂಥ ಹಕ್ಕು, ಹೇಳಿ?

ರಾಥ್‌ಬಾರ್ಡ್ ಅವರಿಗೆ ಅನ್ಯಾಯ ಮಾಡಬಾರದು. ಯಾರನ್ನೂ ಒಪ್ಪಂದದ ಹೆಸರಲ್ಲಿ ದುಡಿಮೆಗೆ ಕಟ್ಟಿಹಾಕುವಂತಿಲ್ಲ, ಪಡೆದ ಹಣ ವಾಪಸ್ ಕೊಟ್ಟರೆ ಸಾಕು ಅನ್ನುವುದೇ ಅವರ ಸಿದ್ಧಾಂತ. ಅಂದರೆ ಹುಡುಗ ಬಿಡುಗಡೆ, ಅಪ್ಪನ ಸಾಲ ಹಾಗೇ. ಕೇಳೋಕೆ ಸರಿ ಅನ್ಸುತ್ತೆ, ಅಲ್ವಾ? ಆದರೆ ಸಾಲ ಉಳಿದರೆ ಮನೆಯ ಬಡತನವೇ ಹುಡುಗನನ್ನು ಮತ್ತೆ ಅಲ್ಲಿಗೆ ತಳ್ಳುತ್ತದೆ. ಅದಕ್ಕೇ ನಮ್ಮ 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮನೆಯವರ ದುಡಿಮೆಯನ್ನು ಒತ್ತೆ ಇಟ್ಟು ಪಡೆದ ಮುಂಗಡವೂ ಅದರೊಳಗೆ ಬರುತ್ತದೆ, ಆ ಸಾಲವೇ ರದ್ದಾಗುತ್ತದೆ. ಮಾಲೀಕರಿಗೆ ಇದು ಕಠಿಣ, ಒಪ್ಪುತ್ತೇನೆ. ಆದರೂ ನನಗೆ ಇದೇ ಸರಿ.

18 ತುಂಬದವರು ತಾವೇ ಸಹಿ ಮಾಡಿದ ಕರಾರೂ ನಿಲ್ಲುವುದಿಲ್ಲ. 1903ರ ಮೊಹೊರಿ ಬೀಬಿ ತೀರ್ಪಿನಿಂದ ಇದು ಗಟ್ಟಿಯಾಗಿದೆ. ಅಪ್ರಾಪ್ತರ ಜಮೀನನ್ನು ಅಪ್ಪನೇ ಮಾರಬೇಕೆಂದರೂ, ಹಿಂದೂ ಕುಟುಂಬಗಳಲ್ಲಿ ಕೋರ್ಟಿನ ಅನುಮತಿ ಬೇಕು. ಒಂದು ತುಂಡು ಹೊಲಕ್ಕೇ ಇಷ್ಟು ಕಾವಲಿದೆ.

ಇದನ್ನೆಲ್ಲ ಆ ತಂದೆಗೆ ಬಿಡಿಸಿ ಹೇಳಿದೆ. ತುಂಬ ಹೊತ್ತು ಸುಮ್ನೆ ಕೂತಿದ್ದರು. ‘ಹಂಗಾದ್ರೆ ನಾನು ಕೊಟ್ಟ ಮಾತು?’ ಅಂತ ಮತ್ತೆ ಕೇಳಿದರು. ‘ನಿಮ್ಮ ಮಾತು ನಿಮ್ಮದು. ನೀವು ಕೊಟ್ಟಿದ್ದು ಮಗನ ದಿನಗಳನ್ನ’ ಅಂದೆ. ಎರಡು ದಿನ ಬಿಟ್ಟು ಹುಡುಗನನ್ನೂ ಕರೆದುಕೊಂಡು ಬಂದರು. ಅರ್ಜಿ ಬರೆಯಲು ಕೂತೆವು.