ಪೇ ಸ್ಲಿಪ್‌ನಿಂದ ಶುರು ಮಾಡಿ

ವಿಚ್ಛೇದನದ ಲೆಕ್ಕಪತ್ರ ಹಿಡಿದು ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಹೇಳುವುದು ಒಂದೇ: ‘ದುಡ್ಡು ಎಲ್ಲಿಟ್ಟಿದ್ದಾರೋ ಗೊತ್ತೇ ಇಲ್ಲ.’ ವಿದೇಶದ ಖಾತೆ, ಬೇನಾಮಿ ಆಸ್ತಿ ಎಂದು ಅವರ ಅನುಮಾನ ಎಲ್ಲೆಲ್ಲೋ ಓಡುತ್ತದೆ. ನಾನು ಮೊದಲು ಕೇಳುವುದು ಪೇ ಸ್ಲಿಪ್. ನಿವೃತ್ತಿ ಹಣ ಬಚ್ಚಿಡಲು ದೊಡ್ಡ ಕಸರತ್ತೇನೂ ಬೇಕಿಲ್ಲ. ಅದು ಮನೆಗೆ ಬರುವ ಮೊದಲೇ ಸಂಬಳದಲ್ಲಿ ಕಡಿತವಾಗಿರುತ್ತದೆ. ಹೇಳದೆ ಸುಮ್ನೆ ಇದ್ದರೆ ಆಯಿತು.

ಒಂದು ತಿಂಗಳ ಸ್ಲಿಪ್ ಸಾಲದು. ಎರಡು ಮೂರು ವರ್ಷದ್ದನ್ನು ಪಕ್ಕಪಕ್ಕ ಇಟ್ಟು ನೋಡಿ. ಒಟ್ಟು ಸಂಬಳ ಏರಿದೆ, ಕೈಗೆ ಬರುವುದು ಮಾತ್ರ ಅಷ್ಟೇ ಇದೆ ಅಂದರೆ ಕಡಿತದ ಸಾಲುಗಳನ್ನು ಒಂದೊಂದಾಗಿ ಓದಿ. ಕಡ್ಡಾಯ ವಂತಿಗೆಯ ಜೊತೆ ತಾವಾಗಿ ಕಟ್ಟುವ ವಂತಿಗೆಯೂ ಇರಬಹುದು. ಮನೆಯಲ್ಲಿ ಮಾತು ನಿಂತ ಹೊತ್ತಿಗೇ ಅದು ದಿಢೀರ್ ಏರಿದ್ದರೆ ಬರೆದಿಟ್ಟುಕೊಳ್ಳಿ. ‘ಸಾಲದ ಕಂತು’ ಎಂದಿದ್ದರೆ ಯಾವ ಸಾಲ ಎಂದು ಕೇಳಿ. ಹಲವು ನಿವೃತ್ತಿ ನಿಧಿಗಳಿಂದಲೇ ಸಾಲ ತೆಗೆಯಬಹುದು. ಆಗ ನಿಧಿಯಲ್ಲಿ ಉಳಿದದ್ದು ಕಡಿಮೆ ಕಾಣುತ್ತದೆ, ತೆಗೆದ ಹಣ ಇನ್ನೆಲ್ಲೋ ಕೂತಿರುತ್ತದೆ. ಹಳೆಯ ಕೆಲಸಗಳನ್ನೂ ಪಟ್ಟಿ ಮಾಡಿ. ಬಿಟ್ಟುಬಂದ ಕಂಪನಿಯಲ್ಲಿ ಉಳಿದುಹೋದ ಖಾತೆ ಎಷ್ಟೋ ಸಲ ಲೆಕ್ಕಕ್ಕೇ ಬರುವುದಿಲ್ಲ.

ಆಮೇಲೆ ತೆರಿಗೆ ರಿಟರ್ನ್ಸ್. ಅಲ್ಲಿ ಬಡ್ಡಿ ಆದಾಯ 70,000 ಎಂದಿದೆ, ದರ ಶೇ. 7 ಎಂದುಕೊಳ್ಳಿ. ಅಂದರೆ ಹತ್ತಿರ ಹತ್ತಿರ 10 ಲಕ್ಷದ ಠೇವಣಿ ಎಲ್ಲೋ ಇದೆ. ನಿಮಗೆ ಗೊತ್ತಿರುವುದು 4 ಲಕ್ಷದ್ದು ಮಾತ್ರವಾದರೆ ಉಳಿದದ್ದು ಎಲ್ಲಿ? ಇನ್ನೊಂದು ಜಾಣತನವೂ ಉಂಟು: ಬೇಕೆಂದೇ ತೆರಿಗೆ ಜಾಸ್ತಿ ಕಟ್ಟುವುದು. ವಿಚ್ಛೇದನ ಮುಗಿದ ಮೇಲೆ ರೀಫಂಡ್ ನೆಮ್ಮದಿಯಾಗಿ ಒಬ್ಬರದೇ ಖಾತೆಗೆ ಬರುತ್ತದೆ. ಸ್ನೇಹಿತರಿಗೆ ‘ಹಳೇ ಸಾಲ’ ತೀರಿಸಿದ್ದು, ಬೋನಸ್ ಮುಂದಕ್ಕೆ ಹಾಕಿಸಿದ್ದು, ಕ್ರಿಪ್ಟೊ ಕೊಂಡಿದ್ದು, ಇವೆಲ್ಲ ಹಳೆಯ ಆಟಗಳೇ.

ಬಚ್ಚಿಡುವುದು ಗಂಡಸರ ಗುಣ ಅಂತ ಅಂದುಕೊಳ್ಳಬೇಡಿ. ಕ್ಯಾಲಿಫೋರ್ನಿಯಾದ ಒಬ್ಬ ಹೆಂಡತಿಗೆ 1996ರ ಕೊನೆಯಲ್ಲಿ ಲಾಟರಿ ಹೊಡೆಯಿತು. ಅವರ ಪಾಲು 13 ಲಕ್ಷ ಡಾಲರಿಗೂ ಹೆಚ್ಚು. ಗಂಡನಿಗೆ ಹೇಳದೆ ಕೂಡಲೇ ವಿಚ್ಛೇದನಕ್ಕೆ ಅರ್ಜಿ ಹಾಕಿದರು. ಮುಂದೆ ಲಾಟರಿ ಹಣದ ವ್ಯವಹಾರದ ಒಂದು ಪತ್ರ ಗಂಡನ ವಿಳಾಸಕ್ಕೆ ಬಂದು ಗುಟ್ಟು ರಟ್ಟಾಯಿತು. ಅರ್ಧ ಕೊಟ್ಟಿದ್ದರೆ ಅರ್ಧವಾದರೂ ಉಳಿಯುತ್ತಿತ್ತೇನೋ. 1999ರಲ್ಲಿ ಕೋರ್ಟು ಅವರ ಪಾಲನ್ನು ಪೂರ್ತಿಯಾಗಿ ಗಂಡನಿಗೇ ಕೊಟ್ಟಿತು.

ಹಾಗಂತ ನೀವೇ ಪತ್ತೇದಾರರಾಗಬೇಡಿ. ಮನೆಗೆ ಬಂದ ಕಾಗದ, ಜಂಟಿ ಖಾತೆಯ ಸ್ಟೇಟ್‌ಮೆಂಟ್, ನಿಮ್ಮ ಸಹಿಯೂ ಇರುವ ರಿಟರ್ನ್ಸ್, ಇವುಗಳ ಪ್ರತಿ ತೆಗೆದು ಮನೆಯ ಹೊರಗೆ ಜೋಪಾನ ಮಾಡಿ. ಅದೂ ವಕೀಲರ ನೋಟಿಸ್ ಹೋಗುವ ಮೊದಲು. ಆಮೇಲೆ ಕಪಾಟು ಖಾಲಿಯಾಗಿರುತ್ತದೆ. ಆದರೆ ಸಂಗಾತಿಯ ಪಾಸ್‌ವರ್ಡ್ ಮುರಿದು ಇಮೇಲ್ ತೆರೆಯಬೇಡಿ. ಬಹಳ ಕಡೆ ಅದು ಅಪರಾಧ, ತಪ್ಪು ಮಾಡಿದವರು ನೀವೇ ಎಂದಾಗುತ್ತದೆ. ಭಯಕ್ಕೆ ಜಂಟಿ ಖಾತೆಯನ್ನು ಬರಿದು ಮಾಡುವುದೂ ಬೇಡ. ಕೈಗೆ ಸಿಗದ ದಾಖಲೆಗಳನ್ನು ಕಂಪನಿಯಿಂದ, ನಿಧಿಯಿಂದ ನೇರವಾಗಿ ತರಿಸಲು ವಕೀಲರ ಮೂಲಕ ಕೋರ್ಟನ್ನು ಕೇಳಿ. ಹಣ ಕರಗುವ ಅಂದಾಜಿದ್ದರೆ ತಡೆಯಾಜ್ಞೆಗೂ ಅರ್ಜಿ ಹಾಕಿ.

ಒಪ್ಪಂದಕ್ಕೆ ಸಹಿ ಹಾಕುವಾಗ, ಹೇಳದ ಆಸ್ತಿ ಮುಂದೆ ಸಿಕ್ಕರೆ ಯಾರಿಗೆ ಎಷ್ಟು ಎಂಬ ಷರತ್ತು ಬರೆಸಿ. ಕೋರ್ಟಿನ ಆದೇಶವನ್ನು ಬೀರುವಿನಲ್ಲಿಟ್ಟು ಮರೆಯುವವರೂ ಇದ್ದಾರೆ. ನಿಧಿ ನಡೆಸುವವರಿಗೆ ಅದು ತಲುಪದಿದ್ದರೆ ಪೂರ್ತಿ ಹಣ ಖಾತೆದಾರರ ಕೈಗೇ ಹೋಗಬಹುದು. ಅಮೆರಿಕದಲ್ಲಂತೂ ಖಾಸಗಿ ಕಂಪನಿಗಳ ನಿವೃತ್ತಿ ಯೋಜನೆ ಹಂಚಲು 1984ರ ಕಾನೂನಿನಂತೆ ಇದಕ್ಕೆಂದೇ ಬೇರೆ ಆದೇಶ ಬೇಕು. ನಿಮ್ಮಲ್ಲಿ ಏನು ಬೇಕೆಂದು ನಿಧಿಯವರನ್ನೇ ಮೊದಲು ಕೇಳಿ. ಪ್ರತಿ ಕೊಟ್ಟಿದ್ದಕ್ಕೆ ಲಿಖಿತ ಸ್ವೀಕೃತಿ ಪಡೆಯಿರಿ. ಅದೇ ದಿನ ನಿಮ್ಮ ಖಾತೆ, ವಿಮೆಗಳ ನಾಮಿನಿ ಯಾರೆಂದೂ ನೋಡಿಬಿಡಿ.