ಕುಮರಾಲ್‌ನ ಮತ: ಶಾಂತಿ ಒಪ್ಪಂದದ ಪಕ್ಕದಲ್ಲಿ ಓದಬೇಕಾದ ಪುಟ

ಕೊಲಂಬಿಯಾದ ಶಾಂತಿ ಪ್ರಕ್ರಿಯೆ ಎಂದರೆ ಹವಾನಾದ ಮಾತುಕತೆ, 2016ರ ಒಪ್ಪಂದ, ಅಧ್ಯಕ್ಷ ಸಾಂತೋಸ್ ಅವರಿಗೆ ಬಂದ ನೊಬೆಲ್ ಎಂದು ನಾವು ಓದಿ ಮುಗಿಸುತ್ತೇವೆ. ಅದೇ ಕಾಲದಲ್ಲಿ ಹಳ್ಳಿಗರು ನೀರಿಗಾಗಿ ಹಾಕಿದ ಮತಗಳನ್ನು ಬಿಟ್ಟರೆ ಈ ಓದು ಅರೆಬರೆಯಾಗುತ್ತದೆ.

ಫಾರ್ಕ್ ಬಂಡುಕೋರರೊಂದಿಗಿನ ಮಾತುಕತೆಯಲ್ಲಿ ಮೊದಲ ವಿಷಯವೇ ಗ್ರಾಮೀಣ ಸುಧಾರಣೆ. ಆದರೆ ಆರ್ಥಿಕ ನೀತಿ ಚರ್ಚೆಗಿಲ್ಲ ಎಂದು ಸರ್ಕಾರ ಮೊದಲೇ ಹೇಳಿತ್ತು. ತೈಲ, ಗಣಿಗಳ ಪ್ರಶ್ನೆ ಹೀಗೆ ಮೇಜಿನ ಹೊರಗೇ ಉಳಿಯಿತು. ಬಂದೂಕು ತಣ್ಣಗಾಗುವ ಹೊತ್ತಿಗೆ ಅದು ರೈತರ ಮನೆಬಾಗಿಲಿಗೆ ಬಂತು. 2015ರಲ್ಲಿ ಕಾಕೆತಾ ಪ್ರಾಂತ್ಯದ ವಾಲ್ಪರೈಸೊ ಜನ ತೈಲ ಶೋಧದ ವಾಹನಗಳನ್ನು ಸೇತುವೆಯ ಬಳಿ ತಡೆದು ನಿಂತರು. ಗಲಭೆ ನಿಗ್ರಹ ಪೊಲೀಸರಿಂದ ಪೆಟ್ಟು ತಿಂದರು.

ಮೆಟಾ ಪ್ರಾಂತ್ಯದ ಕುಮರಾಲ್ ಹಿಡಿದದ್ದು ಮತಪೆಟ್ಟಿಗೆಯ ದಾರಿ. ಪರ್ವತದ ಬುಡದ ಈ ದನಗಾಹಿ ಸೀಮೆಯಲ್ಲಿ ಯಾನೋಸ್ 69 ಎಂಬ ತೈಲ ವಲಯದ ಗುತ್ತಿಗೆ ಮಾನಸರೋವರ್ ಎನರ್ಜಿ ಕಂಪನಿಗೆ ಸಿಕ್ಕಿತ್ತು. ಇಲ್ಲಿ ಗಮನಿಸಿ: ಅದರಲ್ಲಿ ಚೀನಾದ ಸಿನೊಪೆಕ್‌ನಷ್ಟೇ ಪಾಲು ನಮ್ಮ ಸರ್ಕಾರಿ ಸ್ವಾಮ್ಯದ ಒಎನ್‌ಜಿಸಿ ವಿದೇಶ್‌ನದೂ ಆಗಿತ್ತು. ನಾವು ಪವಿತ್ರವೆಂದು ನಂಬುವ ಸರೋವರದ ಹೆಸರು ಅಲ್ಲಿನವರಿಗೆ ನೀರಿನ ಭಯವಾಗಿ ಕೇಳಿಸಿತಲ್ಲ ಎಂಬುದು ನನ್ನನ್ನು ನೋಯಿಸುತ್ತದೆ.

ಭಯವೇಕೆ? ಶೋಧದ ಮೊದಲ ಹಂತದಲ್ಲಿ ನೆಲದಲ್ಲಿ ಕುಳಿ ಕೊರೆದು ಸಿಡಿಮದ್ದು ಸಿಡಿಸುತ್ತಾರೆ. ಅಲೆಗಳು ಮರಳುವ ಬಗೆಯಿಂದ ಕೆಳಗಿನ ಪದರಗಳ ಚಿತ್ರ ಸಿಗುತ್ತದೆ. ಆ ಕಂಪನಕ್ಕೆ ಒರತೆಗಳು ದಾರಿ ತಪ್ಪಿದರೆ ದನಕರು, ಹೊಲ, ಮನೆ ಮೂರಕ್ಕೂ ನೀರಿಲ್ಲ ಎಂಬುದು ರೈತರ ಆತಂಕ.

ತೈಲ ಶೋಧ ಬೇಕೇ ಬೇಡವೇ ಎಂದು ಊರಿನವರ ಮತ ಕೇಳುವ ಜನಸಮಾಲೋಚನೆಗೆ ಮತದಾರರ ಪಟ್ಟಿಯ ಮೂರನೇ ಒಂದರಷ್ಟು ಜನ ಬರಲೇಬೇಕು. ಹೀಗಾಗಿ ಮತದಾನದ ವಿರೋಧಿಗಳು ಮನೆಯಲ್ಲಿ ಕುಳಿತರೂ ಅದು ಬಿದ್ದುಹೋಗಬಹುದು. 2017ರ ಜೂನ್ 4ರಂದು ಕುಮರಾಲ್‌ನಲ್ಲಿ ‘ಬೇಡ’ ಎಂದವರು 7,475. ‘ಬೇಕು’ ಎಂದವರು 183.

ಕಂಪನಿ ಸಾಂವಿಧಾನಿಕ ನ್ಯಾಯಾಲಯದ ಮೊರೆ ಹೋಗಿತ್ತು. 2018ರ ಅಕ್ಟೋಬರ್‌ನ ತೀರ್ಪು (ಎಸ್‌ಯು-095) ಇಡೀ ದೇಶದ ಇಂಥ ಮತದಾನಗಳ ಹಲ್ಲು ಕಿತ್ತಿತು: ಭೂಗರ್ಭದ ಸಂಪತ್ತು ರಾಷ್ಟ್ರದ್ದು, ಸ್ಥಳೀಯ ಮತದಿಂದ ಅದರ ಹೊರತೆಗೆಯುವಿಕೆಯನ್ನು ನಿಷೇಧಿಸಲಾಗದು. ನೆಲದ ಬಳಕೆ ಊರಿನವರದು, ನೆಲದಡಿಯದು ರಾಷ್ಟ್ರದ್ದು ಎಂಬ ಈ ಗೆರೆಯೇ ನನಗೆ ಒಪ್ಪಿಗೆಯಾಗದ್ದು. ಮಳೆಯಾಗಿ ಇಳಿದು ಒರತೆಯಾಗಿ ಏಳುವ ನೀರನ್ನು ಗೆರೆಯ ಯಾವ ಬದಿಗೆ ಸೇರಿಸುವುದು? ಜನರ ಮಾತಿಗೆ ಬೇರೆ ವ್ಯವಸ್ಥೆ ರೂಪಿಸುವಂತೆ ನ್ಯಾಯಾಲಯ ಸಂಸತ್ತಿಗೆ ಹೇಳಿತು. ಕುಮರಾಲ್ ತನ್ನ ಮಾತನ್ನು ಹದಿನಾರು ತಿಂಗಳ ಹಿಂದೆಯೇ ಹೇಳಿಯಾಗಿತ್ತು.